ಕಾರಿಗೆ ಚೋರ್ ಸ್ವಿಚ್ ಹಾಕಿಸುವ ಮುನ್ನ

ಪ್ರಶ್ನೆ: ಪುಣೆಯ ಧಾಯರಿಯಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇವೆ. ನಮ್ಮದು ಗೇಟಿಲ್ಲದ ಹಳೆಯ ಸೊಸೈಟಿ. ಕಾರನ್ನು ಇಳಿಜಾರು ರಸ್ತೆಯ ಬದಿಗೇ ನಿಲ್ಲಿಸಬೇಕು. ಹೋದ ತಿಂಗಳು ಪಕ್ಕದ ಕಟ್ಟಡದವರ ಕಾರು ರಾತ್ರೋರಾತ್ರಿ ಮಾಯವಾಯಿತು. ನನ್ನದು 2011ರ ಪೆಟ್ರೋಲ್ ಕಾರು, ಚಿಕ್ಕದು, ಕೈಯಲ್ಲಿ ಗಿಯರ್ ಹಾಕುವಂಥದ್ದು. ತಿಂಗಳಿಗೊಮ್ಮೆ ಅದರಲ್ಲೇ ಹುಬ್ಬಳ್ಳಿಗೆ ಹೋಗಿ ಬರುತ್ತೇವೆ. ನನ್ನ ಹೆಂಡತಿಯೂ ಓಡಿಸುತ್ತಾಳೆ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ‘ಐನೂರು ರೂಪಾಯಿ ಕೊಡಿ, ಪೆಟ್ರೋಲ್ ಪಂಪಿನ ವೈರಿಗೆ ಚೋರ್ ಸ್ವಿಚ್ ಹಾಕಿಕೊಡುತ್ತೇನೆ, ಕಳ್ಳನ ಅಪ್ಪನೂ ಒಯ್ಯಲಾರ’ ಎನ್ನುತ್ತಿದ್ದಾರೆ. ಹಾಕಿಸಲೇ? ವಿಮೆಗೆ ತೊಂದರೆ ಆದೀತೇ? ಮುಂದೆ ಕಾರು ಮಾರುವಾಗ ಏನು ಮಾಡಬೇಕು?

ಉತ್ತರ: ಹಾಕಿಸಿ. ಆದರೆ ಅವರು ಹೇಳಿದ ಹಾಗೆ ಹಾಕಿಸಬೇಡಿ. ಚೋರ್ ಸ್ವಿಚ್ ಎಂದರೆ ಕಾರಿನ ಒಂದು ವೈರನ್ನು ಕತ್ತರಿಸಿ ನಡುವೆ ಬಚ್ಚಿಟ್ಟ ಸ್ವಿಚ್ಚು, ಅದನ್ನು ಹಾಕದೆ ಕಾರು ಓಡದು. ಪೆಟ್ರೋಲ್ ಪಂಪು ಎಂದರೆ ಇಲ್ಲಿ ಕಾರಿನ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪು. ಗದಗಿನಿಂದ ಬಂದು ನಾನಾ ಪೇಟೆಯ ಗ್ಯಾರೇಜೊಂದರಲ್ಲಿ ಸಹಾಯಕನಾಗಿ ಸೇರಿದಂದಿನಿಂದ ಕಾರಿನ ವೈರಿಂಗೇ ನನ್ನ ಅನ್ನ. ಇಷ್ಟು ವರ್ಷಗಳಲ್ಲಿ ನಾನು ನೋಡಿದ ಚೋರ್ ಸ್ವಿಚ್ಚುಗಳಲ್ಲಿ ಕಳ್ಳನನ್ನು ನಿಲ್ಲಿಸಿದವು ಕೆಲವು, ಮಾಲೀಕನನ್ನೇ ನಡುದಾರಿಯಲ್ಲಿ ನಿಲ್ಲಿಸಿದವು ಬಹಳ. ನಿಮ್ಮ ಎಲೆಕ್ಟ್ರಿಷಿಯನ್ ಹೇಳುತ್ತಿರುವುದು ಆ ಎರಡನೆಯ ಜಾತಿಯದು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಚೋರ್ ಸ್ವಿಚ್ಚಿಗೆ ಕಳ್ಳ ಹೆದರುವುದಿಲ್ಲ. ಬಚ್ಚಿಟ್ಟ ವಸ್ತುವಿಗೆ ಯಾರಾದರೂ ಹೇಗೆ ಹೆದರಬೇಕು? ಅವನು ಗಾಜು ಒಡೆಯುತ್ತಾನೆ, ಒಳಗೆ ಕೂರುತ್ತಾನೆ, ಸ್ಟಿಯರಿಂಗ್ ಲಾಕು ಮುರಿಯುತ್ತಾನೆ, ಅದಾದ ಮೇಲೆ ಕಾರು ಚಾಲೂ ಆಗುವುದಿಲ್ಲ. ಕಾರು ಉಳಿಯುತ್ತದೆ, ಗಾಜಿನ ಖರ್ಚು ನಿಮ್ಮದೇ. ಹಾಗಾಗಿ ದೂರದಿಂದಲೇ ಕಾಣುವ ಒಂದು ಅಡ್ಡಿಯೂ ಬೇಕು: ಗಿಯರ್ ಲಾಕೋ ಸ್ಟಿಯರಿಂಗಿಗೆ ಹಾಕುವ ಕೆಂಪು ಸರಳೋ. ಸಾಲಾಗಿ ನಿಂತ ಐದು ಕಾರುಗಳಲ್ಲಿ ಸರಳಿಲ್ಲದ ನಾಲ್ಕನ್ನು ಅವನು ಮೊದಲು ನೋಡುತ್ತಾನೆ. ನೆರೆಯವರ ಬಗ್ಗೆ ಹೀಗೆ ಬರೆಯುವುದು ಚೆನ್ನಲ್ಲ, ಆದರೆ ನಡೆಯುವುದು ಹಾಗೆಯೇ. ಇಷ್ಟೆಲ್ಲ ಮಾಡಿದರೂ ಕಾರನ್ನು ಎತ್ತಿ ಟೋಯಿಂಗ್ ಗಾಡಿಯ ಮೇಲೆ ಹಾಕಿಕೊಂಡು ಹೋಗುವವರ ಮುಂದೆ ಯಾವ ಸ್ವಿಚ್ಚೂ ನಡೆಯುವುದಿಲ್ಲ.

ಈ ಉಪಾಯ ಹೊಸದಲ್ಲ. ಪ್ರೀಮಿಯರ್ ಪದ್ಮಿನಿ ಕಾಲದ ಚಾಲಕರು ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿನ ರೋಟರನ್ನು ಕಿಸೆಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಹೆಬ್ಬೆರಳಿನಷ್ಟು ದೊಡ್ಡ ಬೇಕಲೈಟ್ ತುಂಡು. ಅದಿಲ್ಲದೆ ಒಂದು ಪ್ಲಗ್ಗಿಗೂ ಕಿಡಿ ಹೋಗುತ್ತಿರಲಿಲ್ಲ. ಒಂದು ವೈರು ಕತ್ತರಿಸಬೇಕಿರಲಿಲ್ಲ, ಒಂದು ಪೈಸೆ ಖರ್ಚಿರಲಿಲ್ಲ. ಕಾರ್ಬ್ಯುರೇಟರಿನ ಮಾರುತಿ 800 ಬಂದಾಗ ನಾವು ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿಗೆ ಹೋಗುವ ವೈರನ್ನು ಕತ್ತರಿಸಿ ನಡುವೆ ಸ್ವಿಚ್ಚು ಕೂರಿಸುತ್ತಿದ್ದೆವು. ಆ ಕಾರಿನಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿನ ಚಲನೆಯಿಂದಲೇ ಓಡುತ್ತಿತ್ತು, ಅದಕ್ಕೆ ವೈರೇ ಇರಲಿಲ್ಲ. ಪೆಟ್ರೋಲನ್ನು ಕಂಪ್ಯೂಟರು ಅಳೆದು ಚಿಮ್ಮಿಸುವ ಕಾರುಗಳು ಬಂದ ಮೇಲೆ ಪಂಪು ಟ್ಯಾಂಕಿನೊಳಗೆ ಹೋಗಿ ಕುಳಿತಿತು, ವಿದ್ಯುತ್ತಿನಿಂದ ಓಡತೊಡಗಿತು. ನಮ್ಮ ಕತ್ತರಿಯೂ ಅದರ ಹಿಂದೆಯೇ ಹೋಯಿತು.

‘ನನ್ನ ಕಾರಿನ ಕೀಲಿಯಲ್ಲಿ ಚಿಪ್ ಇದೆಯಲ್ಲ’ ಎಂದು ನೀವು ಕೇಳಬಹುದು. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಇಲ್ಲವೇ ಬೀಗದ ಚಿತ್ರವಿರುವ ದೀಪ ಹೊತ್ತಿ ಆರಿದರೆ ಅದು ಇಮೊಬಿಲೈಸರ್. ಬೀಗದ ಸುತ್ತ ಇರುವ ತಂತಿಯ ಬಳೆ ಕೀಲಿಯೊಳಗಿನ ಚಿಪ್ಪಿನ ಗುರುತು ಓದುತ್ತದೆ, ಗುರುತು ಕೂಡಿದರೆ ಮಾತ್ರ ಎಂಜಿನ್ನಿನ ಕಂಪ್ಯೂಟರು ಒಪ್ಪುತ್ತದೆ. ಸುಮ್ಮನೆ ವೈರು ಕೂಡಿಸಿ ಚಾಲೂ ಮಾಡುವ ಪುಡಿಗಳ್ಳನಿಗೆ ಅಷ್ಟೇ ಸಾಕು. ಆದರೆ ಕಸುಬಿನ ಕಳ್ಳ ಸ್ಟಿಯರಿಂಗಿನ ಕೆಳಗೆ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಕಿಂಡಿಗೆ ತನ್ನ ಉಪಕರಣ ಸಿಕ್ಕಿಸಿ, ತಾನು ತಂದ ಖಾಲಿ ಕೀಲಿಯನ್ನೇ ಕಾರಿಗೆ ಪರಿಚಯಿಸುತ್ತಾನೆ. ಆಮೇಲೆ ಕಾರಿನ ಲೆಕ್ಕದಲ್ಲಿ ಅವನೇ ಮಾಲೀಕ. ಚೋರ್ ಸ್ವಿಚ್ಚು ಇಂದಿಗೂ ಉಪಯೋಗಕ್ಕೆ ಬರುವುದು ಇಲ್ಲೇ. ಅದು ಕಂಪ್ಯೂಟರಿನೊಂದಿಗೆ ಮಾತನಾಡುವುದಿಲ್ಲ, ಅದಕ್ಕೆ ಗುರುತು ಇಲ್ಲ, ನಕಲು ಇಲ್ಲ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಎಂಬುದು ಯಾವ ಕಂಪನಿಯ ನಕ್ಷೆಯಲ್ಲೂ ಇಲ್ಲ.

ಹಾಗಾದರೆ ಏನನ್ನು ಕತ್ತರಿಸಬೇಕು? ಬ್ಯಾಟರಿಯನ್ನೇ ಕತ್ತರಿಸುವ ಸ್ವಿಚ್ಚು ಬೇಡ; ಗಡಿಯಾರ, ರೇಡಿಯೊ, ಅಲಾರಂ ಎಲ್ಲವೂ ದಿನವೂ ಸಾಯುತ್ತವೆ, ಬಾನೆಟ್ ಎತ್ತಿದರೆ ಕಣ್ಣಿಗೂ ಬೀಳುತ್ತದೆ. ಇಗ್ನಿಷನ್ನಿನ ಮುಖ್ಯ ವೈರೂ ಬೇಡ; ಅದರ ಮೇಲೆ ಏನೇನು ನಿಂತಿದೆಯೋ ನಕ್ಷೆ ನೋಡದೆ ಯಾರಿಗೂ ತಿಳಿಯುವುದಿಲ್ಲ. ಉಳಿಯುವುದು ಎರಡು: ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಮೋಟಾರು, ಎಂದರೆ ಸ್ಟಾರ್ಟರ್, ಮತ್ತು ಪೆಟ್ರೋಲ್ ಪಂಪು.

ಸ್ಟಾರ್ಟರ್ ಕತ್ತರಿಸಿದರೆ ಕೀಲಿ ತಿರುಗಿಸಿದಾಗ ಎಂಜಿನ್ ತಿರುಗುವುದೇ ಇಲ್ಲ. ಇದರ ದೊಡ್ಡ ಗುಣವೆಂದರೆ, ಒಮ್ಮೆ ಚಾಲೂ ಆದ ಕಾರಿಗೆ ಸ್ಟಾರ್ಟರಿನ ಹಂಗಿಲ್ಲ. ಸ್ವಿಚ್ಚು ಕೆಟ್ಟರೂ ಓಡುತ್ತಿರುವ ಕಾರು ನಿಲ್ಲುವುದಿಲ್ಲ. ಆಟೊಮ್ಯಾಟಿಕ್ ಗಿಯರಿನ ಕಾರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಕೈ ಗಿಯರಿನ ಕಾರಿಗೆ ಒಂದು ದೋಷವಿದೆ: ತಳ್ಳಿ ಚಾಲೂ ಮಾಡಬಹುದು. ನೀವು ಕಾರು ನಿಲ್ಲಿಸುವುದು ಇಳಿಜಾರಿನಲ್ಲಿ ಎಂದು ಬರೆದಿದ್ದೀರಿ. ಹ್ಯಾಂಡ್ ಬ್ರೇಕ್ ಇಳಿಸಿ, ಎರಡನೇ ಗಿಯರ್ ಹಾಕಿ, ಕ್ಲಚ್ ಬಿಟ್ಟರೆ ಮುಗಿಯಿತು. ತಳ್ಳುವ ಕೆಲಸವನ್ನೂ ನಿಮ್ಮ ರಸ್ತೆಯೇ ಮಾಡಿಕೊಡುತ್ತದೆ.

ಪಂಪನ್ನು ಕತ್ತರಿಸಿದರೆ ಎಂಜಿನ್ ತಿರುಗುತ್ತದೆ. ಪೈಪಿನಲ್ಲಿ ಉಳಿದ ಒತ್ತಡದಿಂದ ಕೆಲವು ಸೆಕೆಂಡು ಓಡಲೂಬಹುದು, ಆಮೇಲೆ ಕೆಮ್ಮಿ ನಿಲ್ಲುತ್ತದೆ. ಕಳ್ಳನಿಗೆ ಇದು ಕೆಟ್ಟ ಕಾರಿನ ಹಾಗೆ ಕಾಣುತ್ತದೆ, ಕಳ್ಳತನ ತಡೆಯುವ ಸಾಧನದ ಹಾಗೆ ಕಾಣುವುದಿಲ್ಲ. ತಳ್ಳಿದರೂ ಪೆಟ್ರೋಲ್ ಬರುವುದಿಲ್ಲ. ತಡೆಯುವ ಶಕ್ತಿಯಲ್ಲಿ ಇದೇ ಮೇಲು. ಆದರೆ ನೀವು ಓಡಿಸುತ್ತಿರುವಾಗ ಇದು ಕೈಕೊಟ್ಟರೆ ಎಂಜಿನ್ ಅಲ್ಲೇ ಸಾಯುತ್ತದೆ. ಹುಬ್ಬಳ್ಳಿಯಿಂದ ಹಿಂದಿರುಗುವಾಗ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯುವ ರಸ್ತೆ ನಿಮಗೆ ಗೊತ್ತೇ ಇದೆ. ಬ್ರೇಕ್ ಹಿಡಿಯದ ಲಾರಿಗಳು ಅಲ್ಲಿ ಎಷ್ಟು ಸಲ ಮುಂದಿನ ಗಾಡಿಗಳ ಮೇಲೆ ಹೋಗಿವೆ ಎಂಬುದನ್ನು ಪುಣೆಯಲ್ಲಿ ಪತ್ರಿಕೆ ಓದುವ ಯಾರಿಗೂ ಹೇಳಬೇಕಿಲ್ಲ. ಆ ಇಳಿಜಾರಿನಲ್ಲಿ ಎಂಜಿನ್ ನಿಂತರೆ ಸ್ಟಿಯರಿಂಗ್ ಭಾರವಾಗುತ್ತದೆ, ಬ್ರೇಕನ್ನು ಒಂದೆರಡು ಸಲ ಒತ್ತುವಷ್ಟು ನೆರವು ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ.

ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದನ್ನು ನಾನು ಒಪ್ಪದಿರುವುದು ಇದಕ್ಕೇ. ‘ಪಂಪಿನ ವೈರಿಗೆ’ ಎಂದರೆ ಪಂಪು ಓಡುವ ವಿದ್ಯುತ್ತು ಹರಿಯುವ ವೈರಿಗೇ ಸ್ವಿಚ್ಚು ಹಾಕುವುದು. ಚಿಕ್ಕ ಕಾರಿನ ಪಂಪು ನಾಲ್ಕರಿಂದ ಆರು ಆಂಪಿಯರ್ ಎಳೆಯುತ್ತದೆ, ನೀವು ಹುಬ್ಬಳ್ಳಿ ಮುಟ್ಟುವವರೆಗೂ ಒಂದು ಕ್ಷಣ ಬಿಡದೆ ಎಳೆಯುತ್ತದೆ. ಅಷ್ಟನ್ನೂ ಒಂದು ಅಗ್ಗದ ಸ್ವಿಚ್ಚಿನ ಎರಡು ತಗಡಿನ ನಾಲಿಗೆಗಳು ಹೊರಬೇಕು.

ನಾನೂ ಇದನ್ನು ಮಾಡಿ ಕೆಟ್ಟವನೇ. ಕಸುಬು ಕಲಿತ ಹೊಸತರಲ್ಲಿ ಒಬ್ಬರ ಕಾರಿಗೆ ಮನೆಯ ಗೋಡೆಯ ಸ್ವಿಚ್ಚನ್ನೇ ಹಾಕಿದ್ದೆ. ಅದರ ಮೇಲೆ 6 ಆಂಪಿಯರ್, 240 ವೋಲ್ಟ್ ಎಂದು ಬರೆದಿತ್ತು. 12 ವೋಲ್ಟಿನ ಕಾರು ಅದಕ್ಕೆ ಯಾವ ಲೆಕ್ಕ ಎಂದುಕೊಂಡೆ. ಮನೆಯ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಶೂನ್ಯಕ್ಕೆ ಇಳಿಯುತ್ತದೆ, ಸ್ವಿಚ್ಚಿನೊಳಗೆ ಹುಟ್ಟುವ ಕಿಡಿ ಆಗ ತಾನಾಗಿ ಆರುತ್ತದೆ. ಬ್ಯಾಟರಿಯ ವಿದ್ಯುತ್ತಿಗೆ ಅಂಥ ಬಿಡುವಿಲ್ಲ, ಕಿಡಿ ಎಳೆದುಕೊಂಡೇ ಇರುತ್ತದೆ. ಇದು ನನಗೆ ತಿಳಿದದ್ದು ಆ ಸ್ವಿಚ್ಚನ್ನು ಬಿಚ್ಚಿದ ದಿನ. ಬಿಳಿಯ ಪ್ಲಾಸ್ಟಿಕ್ ಕಂದಾಗಿ ಉಬ್ಬಿತ್ತು, ಹಿತ್ತಾಳೆಯ ತುದಿಗಳ ಮೇಲೆ ಮಸಿ ಕುಳಿತಿತ್ತು, ಮೂಸಿದರೆ ಸುಟ್ಟ ಕೂದಲಿನ ವಾಸನೆ. ಕಾರು ನಿಂತದ್ದು ಖಂಬಾಟಕಿ ಘಾಟಿನ ಏರಿನಲ್ಲಿ, ಒಳಗೆ ಅವರ ವಯಸ್ಸಾದ ತಾಯಿ ಇದ್ದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ದಪ್ಪ ವೈರನ್ನು ಬಿಟ್ಟು ತೆಳು ವೈರನ್ನು ಹಿಡಿಯಬೇಕು. ಪಂಪಿಗೆ ವಿದ್ಯುತ್ತು ಹೋಗುವುದು ಒಂದು ರಿಲೇ ಮೂಲಕ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕರಿ ಪೆಟ್ಟಿಗೆ. ಒಳಗೆ ಒಂದು ತಂತಿಯ ಸುರುಳಿ, ಒಂದು ಜೊತೆ ಲೋಹದ ನಾಲಿಗೆ. ಸುರುಳಿಗೆ ವಿದ್ಯುತ್ತು ಬಂದರೆ ಅದು ಅಯಸ್ಕಾಂತವಾಗಿ ನಾಲಿಗೆಗಳನ್ನು ಕೂಡಿಸುತ್ತದೆ. ಸಾಮಾನ್ಯ ಗುರುತಿನಲ್ಲಿ 30 ಮತ್ತು 87 ಎಂಬ ಕಾಲುಗಳಲ್ಲಿ ಪಂಪಿನ ಭಾರವಾದ ವಿದ್ಯುತ್ತು, 85 ಮತ್ತು 86ರಲ್ಲಿ ಸುರುಳಿಯದು. ಸುರುಳಿಯ ತಡೆ ಸುಮಾರು 80 ಓಮ್. ಎಂದರೆ 12 ವೋಲ್ಟಿಗೆ ಅದು ಎಳೆಯುವುದು ಒಂದು ಆಂಪಿಯರಿನ ಸುಮಾರು ಏಳನೇ ಒಂದು ಭಾಗ, ಅಷ್ಟೇ. ನಿಮ್ಮ ಸ್ವಿಚ್ಚು ಈ ಸುರುಳಿಯ ವೈರಿನಲ್ಲಿ ಇರಲಿ. ಬಿಸಿಯಾಗುವ ಮಾತೇ ಇಲ್ಲ, ವೈರು ತೆಳುವಾದರೂ ಸಾಕು, ಸ್ವಿಚ್ಚು ಉಗುರಿನಷ್ಟಿದ್ದರೂ ನಡೆಯುತ್ತದೆ. ಚಿಕ್ಕದಾದಷ್ಟೂ ಬಚ್ಚಿಡುವುದು ಸುಲಭ.

ಈ ಕೆಲಸದಲ್ಲಿ ಎಲೆಕ್ಟ್ರಿಷಿಯನ್ ಗಮನಿಸಬೇಕಾದ ಎರಡು ಸಂಗತಿಗಳಿವೆ. ಸುರುಳಿಗೆ ಬರುವ ವೈರು ಕೆಲವು ಕಾರುಗಳಲ್ಲಿ ಬೇರೆ ರಿಲೇಗಳಿಗೂ ಹಂಚಿಕೆಯಾಗಿರುತ್ತದೆ. ಕವಲೊಡೆದ ಮೇಲೆ ಕತ್ತರಿಸಬೇಕು, ಮೊದಲೇ ಅಲ್ಲ. ಇನ್ನೊಂದು, ಸುರುಳಿಯ ದಾರಿ ಕಡಿದದ್ದನ್ನು ಕೆಲವು ಕಂಪ್ಯೂಟರುಗಳು ಕಂಡುಹಿಡಿದು ಎಂಜಿನ್ ದೀಪ ಹೊತ್ತಿಸುತ್ತವೆ. ಸ್ಕ್ಯಾನರಿನಲ್ಲಿ ಪಿ0230 ಎಂದು ಕಂಡರೆ ಅದೇ ಕಾರಣ, ಗಾಬರಿಯಾಗಬೇಡಿ. ಹಳದಿ ಹೊದಿಕೆಯ ವೈರುಗಳು ಮಾತ್ರ ಏರ್‌ಬ್ಯಾಗಿನವು. ಅದರ ಬಳಿ ಟೆಸ್ಟ್ ಲ್ಯಾಂಪ್ ಹಿಡಿದುಕೊಂಡು ಹೋಗುವವನ ಕೈಗೆ ಕಾರು ಕೊಡಬೇಡಿ.

ನಿಮ್ಮ ಕಾರಿಗೆ, ಇಳಿಜಾರು ರಸ್ತೆಯ ಕಾರಣಕ್ಕೆ, ನಾನು ಪಂಪಿನ ರಿಲೇಯ ಸುರುಳಿಯನ್ನೇ ಆರಿಸುತ್ತೇನೆ. ಹೆದ್ದಾರಿಯ ಅಪಾಯವನ್ನು ಕಡಿಮೆ ಮಾಡುವುದು ಕೆಲಸದ ಗುಣಮಟ್ಟದಿಂದ ಮಾತ್ರ ಸಾಧ್ಯ, ಆದ್ದರಿಂದ ಜೋಡಣೆಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ.

ಕೆಟ್ಟ ಜೋಡಣೆ ಹೇಗಿರುತ್ತದೆ ಎಂದು ನೋಡಬೇಕೆಂದರೆ ಯಾವುದಾದರೂ ಹಳೆಯ ಕಾರಿನ ಮ್ಯೂಸಿಕ್ ಸಿಸ್ಟಮ್ ಎಳೆದು ಅದರ ಹಿಂದೆ ನೋಡಿ. ವೈರಿನ ತುದಿ ಹಲ್ಲಿನಿಂದ ಸುಲಿದು, ಎರಡನ್ನೂ ಹೊಸೆದು, ಮೇಲೆ ಕರಿ ಟೇಪು ಸುತ್ತಿರುತ್ತಾರೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಟೇಪಿನ ಅಂಟು ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಹತ್ತುತ್ತದೆ, ಟೇಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಳೆಗಾಲ ಬಂದಾಗ ತಾಮ್ರ ಹಸಿರಾಗುತ್ತದೆ. ಮುಂಬಯಿಯಲ್ಲಿ ಸಮುದ್ರದ ಬದಿಗೆ ಕಾರು ನಿಲ್ಲಿಸುವವರಿಗೆ ಅದು ಇನ್ನೂ ಬೇಗ. ಹಸಿರು ಪುಡಿ ಕುಳಿತ ಜೋಡಣೆ ಒಂದು ದಿನ ಕೆಲಸ ಮಾಡುತ್ತದೆ, ಒಂದು ದಿನ ಮಾಡುವುದಿಲ್ಲ; ಗುಂಡಿಗೆ ಬಿದ್ದಾಗ ಎಂಜಿನ್ ಒಮ್ಮೆ ಸತ್ತು ಮತ್ತೆ ಹಿಡಿಯುತ್ತದೆ. ಹುಡುಕಲು ಇದಕ್ಕಿಂತ ತಲೆನೋವಿನ ದೋಷ ಕಾರಿನಲ್ಲಿ ಇನ್ನೊಂದಿಲ್ಲ.

ಸರಿಯಾದ ಜೋಡಣೆ ಎಂದರೆ ವೈರಿನ ಗಾತ್ರಕ್ಕೆ ತಕ್ಕ ತಾಮ್ರದ ತೋಳಿನೊಳಗೆ ಎರಡೂ ತುದಿ ತೂರಿಸಿ, ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿ, ಒಳಗೆ ಅಂಟು ಬಳಿದ, ಬಿಸಿಗೆ ಕುಗ್ಗುವ ಕೊಳವೆಯನ್ನು ಬಿಸಿಗಾಳಿಯಿಂದ ಅಮರಿಸುವುದು. ಬರೀ ಬೆಸುಗೆ ಹಾಕುವುದನ್ನು ಅನೇಕರು ಶ್ರೇಷ್ಠವೆಂದು ನಂಬಿದ್ದಾರೆ. ಮನೆಯ ರೇಡಿಯೊಗೆ ಸರಿ. ಕಾರಿನಲ್ಲಿ ಸೀಸ ವೈರಿನ ಎಳೆಗಳ ನಡುವೆ ಹರಿದು ಆ ಭಾಗವನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ, ಗಟ್ಟಿ ಮತ್ತು ಮೆತ್ತನೆಯ ಭಾಗ ಕೂಡುವಲ್ಲಿ ಅಲುಗಾಟಕ್ಕೆ ವೈರು ಮುರಿಯುತ್ತದೆ. ವೈರಿನ ಮೇಲೆ ಚಿಟಿಕೆಯಂತೆ ಕಚ್ಚಿಸುವ ನೀಲಿ ಕ್ಲಿಪ್ಪುಗಳನ್ನಂತೂ ಮುಟ್ಟಬೇಡಿ. ಹೊಸ ವೈರು ಕರಿಯದಾಗಿರಲಿ, ಮೇಲೆ ಕಾರಿನ ಕಂಪನಿಯೇ ಬಳಸುವಂಥ ಬಟ್ಟೆಯ ಟೇಪು ಇರಲಿ. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದ ಕಳ್ಳ ಮೊದಲು ಹುಡುಕುವುದು ಹೊಸ ಟೇಪಿನ ಹೊಳಪನ್ನು. ನಿಮ್ಮ ಭಾಗದಲ್ಲಿ ಇಲಿಗಳಿದ್ದರೆ, ಪುಣೆಯಲ್ಲಿ ಇಲ್ಲದ ಭಾಗ ಯಾವುದು, ಹೊಸ ವೈರಿಗೆ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆಯನ್ನೂ ಹಾಕಿಸಿ.

ನಾನು ಹಾಕುವ ಪ್ರತಿ ಸ್ವಿಚ್ಚಿನಲ್ಲೂ ಒಂದು ಚಿಕ್ಕ ಉಪಾಯ ಇರುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ನಿಗೂ ಹೇಳಿ. ಸ್ವಿಚ್ಚಿಗೆ ಹೋಗುವ ಎರಡು ವೈರುಗಳನ್ನು ನೇರವಾಗಿ ಕಾರಿನ ವೈರಿಗೆ ಕೂಡಿಸದೆ, ನಡುವೆ ಎರಡು ಕಾಲಿನ ಒಂದು ಪ್ಲಗ್ ಹಾಕಿಸಿ. ಅದೇ ಪ್ಲಗ್ಗಿನ ಇನ್ನೊಂದು ತುಂಡಿಗೆ ಎರಡು ಕಾಲುಗಳನ್ನೂ ಕೂಡಿಸಿದ ಒಂದಂಗುಲದ ವೈರಿನ ಕುಣಿಕೆ ಮಾಡಿಸಿ, ಗಾಡಿಯ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ. ದಾರಿಯಲ್ಲಿ ಸ್ವಿಚ್ಚು ಕೆಟ್ಟಿತೆಂಬ ಅನುಮಾನ ಬಂದರೆ ಸ್ವಿಚ್ಚಿನ ಪ್ಲಗ್ ಕಿತ್ತು ಕುಣಿಕೆ ಸಿಕ್ಕಿಸಿ. ಕಾರು ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗಾಗುತ್ತದೆ. ನಿಪ್ಪಾಣಿಯಲ್ಲಿ ರಾತ್ರಿ ಹನ್ನೊಂದಕ್ಕೆ ಮೆಕ್ಯಾನಿಕ್ ಹುಡುಕುವ ಕೆಲಸ ತಪ್ಪುತ್ತದೆ. ಪ್ಲಗ್ ಎಲ್ಲಿದೆ ಎಂಬುದು ನಿಮಗಿಬ್ಬರಿಗೂ ಗೊತ್ತಿರಬೇಕು, ಕಣ್ಣು ಮುಚ್ಚಿದರೂ ಕೈಗೆ ಸಿಗಬೇಕು.

ಸ್ವಿಚ್ಚನ್ನು ಎಲ್ಲಿ ಬಚ್ಚಿಡಬೇಕೆಂದು ನಾನು ಬರೆಯುವುದಿಲ್ಲ. ಇದನ್ನು ಓದುವವರಲ್ಲಿ ಎಲ್ಲರೂ ಸಜ್ಜನರೇ ಎಂದು ನಂಬುವ ವಯಸ್ಸು ದಾಟಿದೆ. ಎಲ್ಲಿ ಬೇಡ ಎಂದು ಮಾತ್ರ ಹೇಳುತ್ತೇನೆ: ಸ್ಟಿಯರಿಂಗಿನ ಕೆಳಗೆ ಬೇಡ, ಸೀಟಿನ ಅಡಿಯಲ್ಲಿ ಬೇಡ, ಗ್ಲೋವ್ ಬಾಕ್ಸಿನೊಳಗೆ ಬೇಡ, ಫ್ಯೂಸ್ ಡಬ್ಬಿಯ ಪಕ್ಕ ಬೇಡ. ಇವು ಕಳ್ಳನ ಕೈ ಮೊದಲು ಹೋಗುವ ಜಾಗಗಳು. ಸೀಟ್ ಬೆಲ್ಟ್ ಹಾಕಿ ಕುಳಿತವರಿಗೆ ಬಾಗದೆ ಎಟಕಬೇಕು, ಇಲ್ಲವಾದರೆ ಮೂರನೇ ವಾರದಿಂದ ನೀವು ಅದನ್ನು ಬಳಸುವುದಿಲ್ಲ. ಮಕ್ಕಳ ಮೊಣಕಾಲು, ಕಾರು ತೊಳೆಯುವ ಹುಡುಗನ ಒದ್ದೆ ಬಟ್ಟೆ ತಾಗಬಾರದು. ಸ್ವಿಚ್ಚು ಸ್ವಿಚ್ಚಿನಂತೆಯೇ ಕಾಣಬೇಕೆಂದೂ ಇಲ್ಲ. ನನಗೆ ಮೆಚ್ಚಿಗೆಯಾದದ್ದು ರೀಡ್ ಸ್ವಿಚ್ಚು: ಗಾಜಿನ ಸಣ್ಣ ಕೊಳವೆಯೊಳಗೆ ಎರಡು ಎಲೆ, ಹತ್ತಿರ ಅಯಸ್ಕಾಂತ ಬಂದರೆ ಅವು ಕೂಡುತ್ತವೆ. ಪ್ಲಾಸ್ಟಿಕ್ ಹಲಗೆಯ ಹಿಂದೆ ಅಂಟಿಸಿದರೆ ಹೊರಗೆ ಏನೂ ಕಾಣುವುದಿಲ್ಲ, ಒತ್ತಲು ಗುಂಡಿಯೂ ಇಲ್ಲ. ಅದು ಸುರುಳಿಯ ವಿದ್ಯುತ್ತನ್ನು ಮಾತ್ರ ತಡೆದುಕೊಳ್ಳುತ್ತದೆ, ಅದೂ ಸುರುಳಿಗೆ ಅಡ್ಡಲಾಗಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿದ್ದರೆ. ಇಲ್ಲವಾದರೆ ಸುರುಳಿ ಆರುವಾಗ ಎಸೆಯುವ ಹೊಡೆತಕ್ಕೆ ಎಲೆಗಳು ಅಂಟಿಕೊಳ್ಳುತ್ತವೆ. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಆ ಡಯೋಡನ್ನು 1ಎನ್4007 ಎಂದು ಕೇಳಿ, ಚಿಲ್ಲರೆಗೆ ಕೊಡುತ್ತಾರೆ. ಆದರೆ ರೀಡ್ ಸ್ವಿಚ್ಚಿಗೆ ಅಯಸ್ಕಾಂತ ಪ್ರಯಾಣದುದ್ದಕ್ಕೂ ಅಲ್ಲೇ ಅಂಟಿರಬೇಕು, ಅಲುಗಿದರೆ ಎಂಜಿನ್ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಓಡುವ ನಿಮ್ಮಂಥವರಿಗೆ ಒತ್ತಿದರೆ ಗಟ್ಟಿಯಾಗಿ ನಿಲ್ಲುವ ಸಾದಾ ಸ್ವಿಚ್ಚೇ ಸರಿ. ರೀಡನ್ನು ಸ್ಟಾರ್ಟರ್ ಕತ್ತರಿಸುವವರಿಗೆ ಬಿಡೋಣ.

ರಿಮೋಟಿನ ಕಿಟ್‌ಗಳು ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುತ್ತವೆ. ನನಗೆ ಸೇರುವುದಿಲ್ಲ. ಅದರ ಸಂಕೇತ ಹಿಡಿಯುವ ಡಬ್ಬಿ ಹಗಲೂ ರಾತ್ರಿ ಬ್ಯಾಟರಿ ಕುಡಿಯುತ್ತದೆ, ರಿಮೋಟನ್ನು ಎಲ್ಲರೂ ಕಾರಿನ ಕೀಲಿಗೊಂಚಲಿಗೇ ಕಟ್ಟುತ್ತಾರೆ, ಕೀಲಿ ಹೋದರೆ ಅದೂ ಹೋಯಿತು. ಜಿಪಿಎಸ್ ಟ್ರ್ಯಾಕರ್ ಬೇಕಿದ್ದರೆ ಬೇರೆಯಾಗಿ ಹಾಕಿಸಿ. ಮೊಬೈಲಿನಿಂದ ಎಂಜಿನ್ ನಿಲ್ಲಿಸುವ ಸೌಲಭ್ಯವನ್ನು ಮಾತ್ರ ಜೋಡಿಸಬೇಡಿ. ಓಡುವ ಕಾರನ್ನು ಮನೆಯಲ್ಲಿ ಕುಳಿತು ನಿಲ್ಲಿಸಿದರೆ ಅದರ ಹಿಂದೆ ಬರುತ್ತಿದ್ದ ಬೈಕ್ ಸವಾರ ಯಾರ ಪಾಪಕ್ಕೆ ಬೀಳಬೇಕು?

ಇನ್ನು ರೂಢಿಯ ಮಾತು. ನನಗೆ ಪರಿಚಯದ ಒಬ್ಬರ ಕಾರು ಒಂದು ಬೆಳಿಗ್ಗೆ ಚಾಲೂ ಆಗಲಿಲ್ಲ. ಸ್ವಿಚ್ಚು ಹಾಕಿಸಿ ಆಗಲೇ ಒಂದು ವರ್ಷವಾಗಿತ್ತು, ಬಳಸುವುದನ್ನು ಬಿಟ್ಟಿದ್ದರು, ಇರುವುದೇ ಮರೆತಿತ್ತು. ಹಿಂದಿನ ದಿನ ಮಗ ಆಟವಾಡುತ್ತ ಅದನ್ನು ಒತ್ತಿದ್ದ. ಕಾರನ್ನು ಎಳೆದುಕೊಂಡು ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಪಂಪು ಓಡುತ್ತಿಲ್ಲವೆಂದು ನೋಡಿ ಹೊಸ ಪಂಪು ಹಾಕಿದರು. ಅದೂ ಓಡಲಿಲ್ಲ. ಎರಡು ದಿನದ ಮೇಲೆ ನನ್ನಲ್ಲಿಗೆ ಬಂದಾಗ ನಾನು ಮಾಡಿದ್ದು ಒಂದು ಬೆರಳಿನ ಕೆಲಸ. ಹಣ ಕೇಳಲು ನಾಚಿಕೆಯಾಯಿತು. ಆದ್ದರಿಂದ ಮೊದಲ ದಿನದಿಂದಲೇ ಇಬ್ಬರೂ ರೂಢಿ ಮಾಡಿಕೊಳ್ಳಿ: ಕೀಲಿ ತೆಗೆ, ಸ್ವಿಚ್ಚು ಒತ್ತು, ಇಳಿ. ಬೆಳಿಗ್ಗೆ ಕೀಲಿಯನ್ನು ಅರ್ಧ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ಸಣ್ಣಗೆ ಗುಂಯ್ ಎಂದು ಕೇಳಿಸಿದರೆ ಪಂಪು ಎದ್ದಿದೆ ಎಂದರ್ಥ. ಕೇಳಿಸದಿದ್ದರೆ ಸ್ವಿಚ್ಚು ನೆನಪಿಸಿಕೊಳ್ಳಿ. ಹಾಕಿಸಿದ ಮೇಲೆ ಕನಿಷ್ಠ ಎರಡು ವಾರ ಊರೊಳಗೇ ಓಡಿಸಿ, ಸಿಂಹಗಡ ರಸ್ತೆಯ ಗುಂಡಿಗಳು ಪರೀಕ್ಷೆ ಮಾಡಲಿ, ಆಮೇಲೆ ಹುಬ್ಬಳ್ಳಿ. ಸರ್ವಿಸಿಗೆ ಬಿಡುವಾಗ ಸ್ವಿಚ್ಚನ್ನು ಓಡುವ ಸ್ಥಿತಿಯಲ್ಲಿ ಬಿಟ್ಟುಬನ್ನಿ, ಜಾಗವನ್ನು ಹೇಳಬೇಕಿಲ್ಲ.

ಬೇರೆ ಕಾರುಗಳವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ಸಿಎನ್‌ಜಿ ಹಾಕಿಸಿದ ಕಾರಿಗೆ ಪಂಪು ಕತ್ತರಿಸಿ ಪ್ರಯೋಜನವಿಲ್ಲ, ಕೆಲವು ಕಿಟ್‌ಗಳಲ್ಲಿ ನೇರ ಗ್ಯಾಸಿನಲ್ಲೇ ಚಾಲೂ ಮಾಡಬಹುದು. ಸ್ಟಾರ್ಟರ್ ರಿಲೇ ಹಿಡಿಯಿರಿ. ಡೀಸೆಲ್ ಕಾರಿಗೂ ಅದೇ. ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಸುಳಿಯಬೇಡಿ, ಅಲ್ಲಿರುವುದು ಜೀವ ತೆಗೆಯುವ ವೋಲ್ಟೇಜು. ಗುಂಡಿ ಒತ್ತಿ ಚಾಲೂ ಮಾಡುವ ಹೊಸ ಕಾರಿನವರು, ವಾರಂಟಿ ಇರುವಾಗ ವೈರು ಕತ್ತರಿಸುವ ಬದಲು ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುವುದನ್ನು ಮೊದಲು ಬಿಡಿ. ಒಬ್ಬ ಕಳ್ಳ ಬಾಗಿಲ ಹೊರಗೆ ನಿಂತು ಕೀಲಿಯ ಸಂಕೇತ ಹಿಡಿದು ಕಾರಿನ ಬಳಿಯಿರುವ ಇನ್ನೊಬ್ಬನಿಗೆ ದಾಟಿಸುತ್ತಾನೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕೀಲಿ ಹಾಕಿ ಕಾರಿನ ಪಕ್ಕ ನಿಂತು ನೋಡಿ. ಬಾಗಿಲು ತೆರೆಯದಿದ್ದರೆ ಆ ಡಬ್ಬಿ ಸಾಕು. ತೆರೆದರೆ ಅದರಲ್ಲಿ ಚಕ್ಕುಲಿ ತುಂಬಿಸಿ, ಬೇರೆ ಡಬ್ಬಿ ಹುಡುಕಿ.

ವಿಮೆಯ ವಿಷಯ. ಕಳ್ಳತನ ತಡೆಯುವ ಸಾಧನಕ್ಕೆ ಪ್ರೀಮಿಯಂನ ಸ್ವಂತ ಹಾನಿಯ ಭಾಗದಲ್ಲಿ ಶೇ 2.5ರಷ್ಟು, ಗರಿಷ್ಠ 500 ರೂಪಾಯಿ ರಿಯಾಯಿತಿ ಉಂಟು. ಆದರೆ ಅದು ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸಿದ ಸಾಧನಕ್ಕೆ ಮಾತ್ರ. 1966ರಲ್ಲಿ ಹುಟ್ಟಿದ ಆ ಸಂಸ್ಥೆ ಇರುವುದು ನಮ್ಮ ಕೋಥ್ರೂಡಿನ ವೇತಾಳ ಟೇಕಡಿಯ ಮೇಲೆಯೇ. ಹತ್ತಿರವಿದೆಯೆಂದು ನನ್ನ ಗ್ಯಾರೇಜಿನ ಸ್ವಿಚ್ಚಿಗೆ ಮುದ್ರೆ ಸಿಗುವುದಿಲ್ಲ. ರಿಯಾಯಿತಿ ಮರೆತುಬಿಡಿ. ಕೆಲಸದ ವಿವರ ಬರೆದ ಬಿಲ್ಲು ಪಡೆದುಕೊಂಡು ವಿಮಾ ಕಂಪನಿಗೆ ಒಂದು ಪತ್ರದಲ್ಲಿ ತಿಳಿಸಿಡಿ. ಮುಂದೆ ವೈರಿಂಗಿನಿಂದ ಬೆಂಕಿಯೇನಾದರೂ ಹತ್ತಿದರೆ ಹಾನಿ ಅಳೆಯಲು ಬರುವ ಸರ್ವೇಯರ್ ಮೊದಲು ಕೇಳುವುದು ‘ಇದನ್ನು ಯಾರು ಹಾಕಿದ್ದು’ ಎಂದು. ಹೊಸೆದ ವೈರು, ಕರಿ ಟೇಪು ಕಂಡರೆ ನಿಮ್ಮ ಪಕ್ಷ ದುರ್ಬಲವಾಗುತ್ತದೆ.

ಇಷ್ಟಾದ ಮೇಲೂ ಕಾರು ಹೋದರೆ ಅದೇ ದಿನ ಪೊಲೀಸ್ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ, ವಿಮಾ ಕಂಪನಿಗೂ ತಿಳಿಸಿ. ಎಫ್‌ಐಆರ್ ಕೂಡಲೇ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕಳವಿನ ಪರಿಹಾರ ನಿರಾಕರಿಸುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಕಂಪನಿ ಎರಡೂ ಕೀಲಿ ಕೇಳುತ್ತದೆ. ಒಂದು ಈಗಲೇ ಕಳೆದಿದ್ದರೆ ಈಗಲೇ ದೂರು ಬರೆಸಿಡಿ. ಮಹಾರಾಷ್ಟ್ರದಲ್ಲಿ ‘ಎ ಸಮರಿ’ ಎಂಬ ಮಾತು ಕೇಳುತ್ತೀರಿ. ಕಳವು ನಿಜ, ಕಳ್ಳ ಪತ್ತೆಯಾಗಿಲ್ಲ ಎಂದು ಪೊಲೀಸರು ಕೋರ್ಟಿಗೆ ಸಲ್ಲಿಸುವ ವರದಿ ಅದು. ಅದರ ಪ್ರತಿ ಬಾರದೆ ಪರಿಹಾರದ ಕಡತ ಮುಂದೆ ಸರಿಯುವುದಿಲ್ಲ, ಠಾಣೆಗೆ ಓಡಾಡಲು ಚಪ್ಪಲಿ ಗಟ್ಟಿಯಾಗಿರಲಿ.

ಖರ್ಚು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಮೇಲೆ ಬರೆದಂತೆ ಮಾಡಲು ಅರ್ಧ ದಿನ ಬೇಕು. ಸಾಮಾನು ಮುನ್ನೂರು ನಾನೂರು ರೂಪಾಯಿಯದು, ಉಳಿದದ್ದು ಕೈಕೆಲಸದ್ದು; ನಮ್ಮಲ್ಲಿ ಸಾವಿರದ ಐನೂರರ ಒಳಗೆ ಆಗುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ ಎನ್ನುವವರಿಗೆ ಕಾರು ಬಿಡಬೇಡಿ. ನಿಮ್ಮ ಪರಿಚಯದವರೇ ಮಾಡಲಿ, ನನ್ನ ಅಡ್ಡಿಯಿಲ್ಲ. ಸುರುಳಿಯ ವೈರು, ಒತ್ತಿದ ಜೋಡಣೆ, ಕುಣಿಕೆಯ ಪ್ಲಗ್ ಎಂದು ಮೂರು ಮಾತು ಹೇಳಿ, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕುಳಿತುಕೊಳ್ಳಿ. ಅವರ ಹುಡುಗನನ್ನು ಚಹಾ ತರಲು ಕಳಿಸಿದರೆ ಇನ್ನೂ ಒಳ್ಳೆಯದು. ಸ್ವಿಚ್ಚಿನ ಜಾಗ ಎಷ್ಟು ಕಡಿಮೆ ಜನರಿಗೆ ಗೊತ್ತಿದ್ದರೆ ಅಷ್ಟು ಕ್ಷೇಮ.

ಮಾರುವ ದಿನ ಬಂದಾಗ ಆ ಕುಣಿಕೆಯನ್ನು ಹುಡುಕಿ ತೆಗೆಯಿರಿ. ಸ್ವಿಚ್ಚಿನ ಪ್ಲಗ್ ಕಿತ್ತು, ಕುಣಿಕೆ ಸಿಕ್ಕಿಸಿ, ಮೇಲೆ ಬಟ್ಟೆಯ ಟೇಪು ಸುತ್ತಿ, ಸ್ವಿಚ್ಚನ್ನು ಬಿಚ್ಚಿ ನೀವೇ ಇಟ್ಟುಕೊಳ್ಳಿ, ಮುಂದಿನ ಕಾರಿಗಾಯಿತು.